ಅಪ್‌ಡೇಟ್: ಕೊರಿಯನ್ ಬಾರ್ಬೆಕ್ಯೂನಲ್ಲಿ ಮಾಂಸ ಕರಟುವ ಸಮಸ್ಯೆ ಬಗೆಹರಿಯಿತು

ಸಿಯೋಲ್‌ನಲ್ಲಿ, ಮೇಜಿನ ಮೇಲೆ ನಾವೇ ಮಾಂಸ ಬೇಯಿಸಿಕೊಳ್ಳುವ ಬಾರ್ಬೆಕ್ಯೂ ಹೋಟೆಲಲ್ಲಿ ಮಾಂಸ ತವೆಗೆ ಅಂಟಿ, ಹೊರಗೆ ಕಪ್ಪಾಗಿ ಒಳಗೆ ಹಸಿಯಾಗೇ ಉಳಿಯುತ್ತೆ, ಯಾಕೆ ಅಂತ ಕೇಳಿದ್ದೆ. ನೀವು ಹೇಳಿದ ಹಾಗೇ ಮಾಡಿದೆ, ಸರಿಹೋಯ್ತು. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಮೂಲ ಕಾರಣ ಆರ್ಡರ್ ಮಾಡುವ ಕ್ರಮ. ಮಸಾಲೆಯಲ್ಲಿ ನೆನೆಸಿದ ಗಾಲ್ಬಿಯಲ್ಲಿ (ಪಕ್ಕೆಲುಬಿನ ಮಾಂಸ) ಸೋಯಾ ಸಾಸ್ ಜೊತೆ ಸಕ್ಕರೆಯೂ ಇರುತ್ತೆ. ಅದನ್ನೇ ಮೊದಲು ಹಾಕಿದರೆ ಸಕ್ಕರೆ ಸೀದು ತವೆಗೆ ಹತ್ತಿ, ಆಮೇಲೆ ಹಾಕಿದ್ದೆಲ್ಲ ಕಹಿ. ಆದ್ದರಿಂದ ಮೊದಲು ಮಸಾಲೆ ಇಲ್ಲದ ಸಮ್‌ಗ್ಯೊಪ್‌ಸಲ್ (ಹಂದಿಯ ಹೊಟ್ಟೆಭಾಗದ ಮಾಂಸ), ಗಾಲ್ಬಿ ಆಮೇಲೆ. ನಡುವೆ ತವೆ ಬದಲಿಸಲು ‘ಬುಲ್‌ಪಾನ್ ಗಾರಾ ಜುಸೆಯೊ’ ಅನ್ನಿ.

ತವೆ ಚೆನ್ನಾಗಿ ಕಾದ ಮೇಲೇ ಉದ್ದನೆಯ ತುಂಡು ಇಡಿ. ಇಟ್ಟಾಗ ಚುರ್ ಅನ್ನದಿದ್ದರೆ ಅಂಟುವುದು ಖಚಿತ. ಮೇಲ್ಭಾಗದಲ್ಲಿ ನೀರಿನ ಹನಿ ಮೂಡಿ, ಅಡಿ ಹೊಂಬಣ್ಣಕ್ಕೆ ಬಂದಾಗ ಮಗುಚಿ. ಎರಡೂ ಬದಿ ಬಣ್ಣ ಬಂದ ಮೇಲೆ ಕತ್ತರಿಯಿಂದ ತುತ್ತಿನಗಲಕ್ಕೆ ಕತ್ತರಿಸಿ, ಕತ್ತರಿಸಿದ ಬದಿಗಳನ್ನೂ ಬೇಯಿಸಿ. ಒಳಗೆ ಹಸಿ ಉಳಿಯದಿರಲು ಇದೇ ಉಪಾಯ. ತವೆ ಇಳಿಜಾರಾಗಿದ್ದರೆ ಕಿಮ್ಚಿಯನ್ನು (ಹುದುಗಿಸಿದ ಖಾರದ ಎಲೆಕೋಸು) ಕೆಳತುದಿಗೆ ಇಡಿ, ಹರಿದು ಬರುವ ಕೊಬ್ಬಿನಲ್ಲಿ ಹುರಿಯುತ್ತೆ. ನನ್ನ ಮಟ್ಟಿಗೆ ಇಡೀ ಊಟದಲ್ಲಿ ಅದೇ ಅತ್ಯುತ್ತಮ! ಹಸಿ ಮಾಂಸ ಹಿಡಿದ ಇಕ್ಕಳದಿಂದ ಬೆಂದದ್ದನ್ನು ತೆಗೆಯಬೇಡಿ.

ಒಂದು ಪಾಲು ಸಾಮಾನ್ಯವಾಗಿ 150–200 ಗ್ರಾಂ, ಬಹಳ ಕಡೆ ಕನಿಷ್ಠ 2 ಪಾಲು ತೆಗೆದುಕೊಳ್ಳಲೇಬೇಕು. ಸೊಪ್ಪು, ಕಿಮ್ಚಿ ಸಾಮಾನ್ಯವಾಗಿ ಮತ್ತೆ ಕೇಳಿದರೂ ಉಚಿತ. ಟಿಪ್ಸ್ ಕೊಡುವ ರೂಢಿಯಿಲ್ಲ.