ಎರಡಡಿ ಟ್ಯಾಂಕ್‌ನಲ್ಲಿ ಯಾವ ಮೀನಿಗೆ ಯಾವುದು ಜೊತೆ? ಸಾಕಿದವರು ಹೇಳಿ

ಪ್ರಶ್ನೆ: ಎರಡಡಿ ಉದ್ದದ ಟ್ಯಾಂಕ್, ಸುಮಾರು 60 ಲೀಟರ್ ನೀರು ಹಿಡಿಯುತ್ತೆ. ಫಿಲ್ಟರ್, ಹೀಟರ್ ಎರಡೂ ಇವೆ, ಮೀನು ಇನ್ನೂ ಬಿಟ್ಟಿಲ್ಲ. ಟೆಸ್ಟ್ ಕಿಟ್‌ನಲ್ಲಿ ನೋಡಿದರೆ ಪಿಎಚ್ 7.8, ನೀರು ಗಡಸು. ನಿಯಾನ್ ಟೆಟ್ರಾ, ಗಪ್ಪಿ, ಒಂದು ಜೋಡಿ ಏಂಜಲ್, ಒಂದು ಫೈಟರ್, ಗಾಜು ಸ್ವಚ್ಛ ಮಾಡೋಕೆ ಒಂದು ಸಕ್ಕರ್ ಫಿಶ್ ಬಿಡೋಣ ಅಂತಿದ್ದೀನಿ. ಎಲ್ಲವೂ ಸಾಧು ಮೀನುಗಳೇ ಅಂತ ಹೇಳಿದ್ದಾರೆ. ಒಟ್ಟಿಗೆ ಇರುತ್ತವಾ?

*

ಒಂದೊಂದಾಗಿ ನೋಡಿದರೆ ಎಲ್ಲವೂ ಒಳ್ಳೆಯ ಮೀನುಗಳೇ. ಆದರೆ ಐದನ್ನೂ ಆ ಟ್ಯಾಂಕ್‌ಗೆ ಬಿಡಬೇಡಿ.

ಮೊದಲು ನೀರಿನ ವಿಷಯ. ನಿಯಾನ್ ಅಮೆಜಾನ್ ಕಡೆಯ ಮೀನು, ಮೆದುವಾದ, ಸ್ವಲ್ಪ ಆಮ್ಲೀಯ ನೀರಿನದ್ದು. ಗಪ್ಪಿ, ಮಾಲಿ, ಪ್ಲಾಟಿಗಳು ಗಡಸು ನೀರಲ್ಲೇ ಗಟ್ಟಿಮುಟ್ಟಾಗಿರುತ್ತವೆ. ನಿಮ್ಮ ನೀರು 7.8 ಅಂದಮೇಲೆ ಅದು ಗಪ್ಪಿಯ ಕಡೆ ವಾಲಿದೆ. ಪಿಎಚ್ ಇಳಿಸೋ ದ್ರಾವಣ ಹಾಕಿ ನಿಯಾನ್‌ಗೆ ಹೊಂದಿಸ್ತೀನಿ ಅಂತ ಹೊರಡಬೇಡಿ. ಗಡಸು ನೀರಲ್ಲಿ ಪಿಎಚ್ ಇಳಿದ ಹಾಗೆ ಮಾಡಿ ಮತ್ತೆ ಮೇಲೇರುತ್ತೆ. ಆ ಏರಿಳಿತ ಮೀನಿಗೆ ಒಂದೇ ಮಟ್ಟದ 7.8ಕ್ಕಿಂತ ಕೆಟ್ಟದ್ದು. ಇರೋ ನೀರಿಗೆ ಒಗ್ಗೋ ಮೀನು ತನ್ನಿ.

ಏಂಜಲ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಹೆಚ್ಚಿನವರಿಗೆ ತೊಂದರೆ ಆಗೋದು ಇದರಲ್ಲೇ. ತಂದಾಗ ಅದು ಬೆರಳ ತುದಿಯಷ್ಟಿರುತ್ತೆ, ನಿಯಾನ್ ಜೊತೆ ತಿಂಗಳುಗಟ್ಟಲೆ ತಂಟೆ ಇಲ್ಲದೆ ಇರುತ್ತೆ. ಬೆಳೆದಮೇಲೆ ಮೈ 15 ಸೆಂ.ಮೀ. ಹತ್ತಿರ ಹೋಗುತ್ತೆ, ರೆಕ್ಕೆ ಸೇರಿಸಿದರೆ ಎತ್ತರ ಅದಕ್ಕಿಂತಲೂ ಹೆಚ್ಚು. ಆಗ ಮೂರ್ನಾಲ್ಕು ಸೆಂ.ಮೀ.ನ ನಿಯಾನ್ ಅದರ ಬಾಯಿಗೆ ಸಲೀಸಾಗಿ ಹಿಡಿಸುತ್ತೆ. ಬೆಳಗ್ಗೆ ಎದ್ದು ಎಣಿಸಿದರೆ ಒಂದು ಕಮ್ಮಿ, ಸತ್ತ ಮೀನೂ ಎಲ್ಲೂ ಕಾಣಲ್ಲ. ಏಂಜಲ್ ಕೆಟ್ಟದ್ದು ಅಂತಲ್ಲ, ಬಾಯಿಗೆ ಹಿಡಿಸಿದ್ದನ್ನ ಮೀನು ತಿನ್ನುತ್ತೆ, ಅಷ್ಟೇ. ಇನ್ನು ಜೋಡಿ ಕೂಡಿತು ಅಂದ್ರೆ ಕತೆಯೇ ಬೇರೆ. ಫಿಲ್ಟರಿನ ಪೈಪೋ ಅಗಲವಾದ ಎಲೆಯೋ ಒಂದನ್ನ ಆರಿಸ್ಕೊಂಡು, ಎರಡೂ ಬಾಯಲ್ಲಿ ಕಚ್ಚಿ ಕಚ್ಚಿ ಅದನ್ನ ಉಜ್ಜುತ್ತವೆ. ಆಮೇಲೆ ಸಾಲಾಗಿ ಮೊಟ್ಟೆ ಅಂಟಿಸಿ ಕಾವಲು ನಿಲ್ಲುತ್ತವೆ. ಅಲ್ಲಿಂದ ಮುಂದೆ ಉಳಿದ ಮೀನೆಲ್ಲ ಎದುರು ಮೂಲೆಯಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ. ದೊಡ್ಡ ಟ್ಯಾಂಕ್ ಆದ್ರೆ ದೂರ ಸರಿಯೋಕೆ ಜಾಗ ಇರುತ್ತೆ, ಎರಡಡಿಯಲ್ಲಿ ಎಲ್ಲಿಗೆ ಹೋಗಬೇಕು?

ಸಕ್ಕರ್ ಫಿಶ್ ಅಂತ ಕೊಡೋ ಸಾಮಾನ್ಯ ಪ್ಲೆಕೋ ಒಂದಡಿ ದಾಟುತ್ತೆ. ಬೇಡ. ಗಾಜಿನ ಪಾಚಿಗೆ ನೆರೈಟ್ ಬಸವನಹುಳು ಎರಡು ಬಿಡಿ. ಗಡಸು ನೀರಲ್ಲಿ ಅವುಗಳ ಚಿಪ್ಪು ಚೆನ್ನಾಗಿರುತ್ತೆ, ಸಿಹಿನೀರಲ್ಲಿ ಮರಿ ಆಗಿ ತುಂಬಿಕೊಳ್ಳೋದೂ ಇಲ್ಲ. ಅಲ್ಲಲ್ಲಿ ಬಿಳಿ ಚುಕ್ಕೆಯಂಥ ಮೊಟ್ಟೆ ಅಂಟಿಸುತ್ತೆ, ಅದನ್ನ ಸಹಿಸ್ಕೋಬೇಕು.

*

ಮೇಲಿನವರು ಹೇಳಿದ್ದು ಸರಿ. ನಾನು ಒಂದು ಮಾತು ಸೇರಿಸ್ತೀನಿ: ಜಾತಿ ನೋಡಿದಷ್ಟೇ ಸಂಖ್ಯೆಯನ್ನೂ ನೋಡಿ. ನನ್ನ ಮೂರಡಿ ಟ್ಯಾಂಕ್‌ನಲ್ಲಿ ಟೈಗರ್ ಬಾರ್ಬ್ ದೊಡ್ಡ ಗುಂಪಾಗೇ ಇವೆ. ಇಡೀ ದಿನ ಒಂದನ್ನೊಂದು ಅಟ್ಟಿಸ್ಕೊಂಡು ತಿರುಗ್ತವೆ, ಆದ್ರೆ ಆ ಜಗಳ ಅವುಗಳೊಳಗೇ ಮುಗಿಯುತ್ತೆ. ಅದೇ ಮೀನನ್ನ ಎರಡೋ ಮೂರೋ ತಂದು ಬಿಟ್ಟವರು ಪಕ್ಕದ ಮೀನಿನ ಬಾಲ ಹರಿದಿದೆ ಅಂತ ಬರ್ತಾರೆ. ಎಂಟರ ಮೇಲಿರಬೇಕು. ಅಷ್ಟಿದ್ರೂ ಉದ್ದ ರೆಕ್ಕೆಯ ಗಪ್ಪಿ, ಏಂಜಲ್, ಗೌರಾಮಿ ಜೊತೆ ಬೇಡ.

ಇದೇ ಕಾರಣಕ್ಕೆ "ಎಲ್ಲದರಲ್ಲೂ ಎರಡೆರಡು" ಅನ್ನೋ ಆಸೆ ನನಗೆ ಸರಿ ಕಾಣಲ್ಲ. ಟೆಟ್ರಾ, ರಸ್ಬೋರಾ, ಡೇನಿಯೋ, ಕೋರಿಡೋರಾಸ್ ಇವೆಲ್ಲ ಗುಂಪಲ್ಲಿ ಬಾಳೋ ಮೀನುಗಳು. ಆರಕ್ಕಿಂತ ಕಮ್ಮಿ ಇದ್ರೆ ಒಂದೋ ಹೆದರಿ ಗಿಡದ ಹಿಂದೆ ಕೂರುತ್ತವೆ, ಇಲ್ಲ ಸಿಕ್ಕಿದ್ದನ್ನ ಕಚ್ಚುತ್ತವೆ.

*

ಪ್ರಶ್ನೆ ಕೇಳಿದವನೇ ಮತ್ತೆ: ತುಂಬಾ ಥ್ಯಾಂಕ್ಸ್. ಏಂಜಲ್, ಪ್ಲೆಕೋ, ನಿಯಾನ್ ಬಿಟ್ಟೆ. ಫೈಟರ್ ಒಂದೇ ಒಂದು ಇದ್ರೂ ಕಷ್ಟನಾ? ಇನ್ನೊಂದು ಗಂಡು ಫೈಟರ್ ಇಲ್ಲದಿದ್ರೆ ಸಾಕು ಅಂತ ಕೇಳಿದ್ದೆ.

*

ಗಪ್ಪಿ ಇರೋ ಟ್ಯಾಂಕ್‌ಗೆ ಬೇಡ. ಗಂಡು ಗಪ್ಪಿಯ ಬಣ್ಣ, ಬೀಸೋ ಬಾಲ ಎರಡೂ ಫೈಟರ್ ಕಣ್ಣಿಗೆ ಇನ್ನೊಂದು ಗಂಡು ಫೈಟರ್ ಥರವೇ ಕಾಣಬಹುದು. ಕಿವಿರಿನ ಮುಚ್ಚಳ ಅಗಲಿಸಿ, ಕತ್ತಿನ ಕೆಳಗಿನ ಕಪ್ಪು ಪೊರೆ ಹರಡಿ ಎದುರು ನಿಲ್ಲುತ್ತಲ್ಲ, ಅದು ಆಟ ಅಲ್ಲ, ಬೆದರಿಕೆ. ಇನ್ನೊಂದು ಕಡೆ, ಚುರುಕು ಮೀನುಗಳು ಫೈಟರಿನ ರೆಕ್ಕೆಯನ್ನೇ ಕಚ್ಚಿ ಹರೀತವೆ, ಆ ಭಾರದ ರೆಕ್ಕೆ ಹೊತ್ಕೊಂಡು ಅದು ಓಡಲಾರದು. ಕೆಲವರ ಟ್ಯಾಂಕ್‌ನಲ್ಲಿ ಫೈಟರ್, ಕೋರಿಡೋರಾಸ್ ಚೆನ್ನಾಗಿಯೇ ಹೊಂದಿಕೊಂಡಿವೆ, ಅದು ಆಯಾ ಮೀನಿನ ಸ್ವಭಾವ. ನಿಮಗೆ ಫೈಟರ್ ಮೇಲೆ ಅಷ್ಟು ಪ್ರೀತಿ ಇದ್ರೆ ಹೀಟರ್, ಸಣ್ಣ ಫಿಲ್ಟರ್ ಇರೋ 20 ಲೀಟರ್ ಟ್ಯಾಂಕ್ ಅದಕ್ಕೇ ಅಂತ ಮಾಡಿ. ಬಟ್ಟಲಲ್ಲಿ ಮಾತ್ರ ಇಡಬೇಡಿ.

*

ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ: ಗಂಡು ಗಪ್ಪಿ ಆರು, ಕಂಚು ಬಣ್ಣದ ಕೋರಿಡೋರಾಸ್ ಆರು, ನೆರೈಟ್ ಎರಡು. ಅಷ್ಟೇ. ಗಪ್ಪಿ ಮೇಲೆ ಮತ್ತು ನಡುವೆ ಓಡಾಡುತ್ತೆ, ಕೋರಿ ತಳದಲ್ಲಿ, ಒಂದರ ದಾರಿಗೆ ಇನ್ನೊಂದು ಅಡ್ಡ ಬರಲ್ಲ. 24-25 ಡಿಗ್ರಿ ಎರಡಕ್ಕೂ ಒಗ್ಗುತ್ತೆ. ಹೆಣ್ಣು ಗಪ್ಪಿ ಬೇಕೇ ಬೇಕು ಅಂದ್ರೆ ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರಲಿ, ಇಲ್ಲದಿದ್ರೆ ಗಂಡುಗಳು ಒಂದೇ ಹೆಣ್ಣನ್ನ ಬಿಡದೆ ಕಾಡ್ತವೆ. ಆದ್ರೆ ಹೆಣ್ಣು ಗಂಡಿನ ವೀರ್ಯವನ್ನ ತಿಂಗಳುಗಟ್ಟಲೆ ಒಳಗೇ ಇಟ್ಕೊಂಡು ಮರಿ ಹಾಕ್ತಾ ಹೋಗುತ್ತೆ, 60 ಲೀಟರ್ ಬೇಗ ತುಂಬಿಹೋಗುತ್ತೆ.

ಕೋರಿಗೆ ತಳದಲ್ಲಿ ಚೂಪು ಕಲ್ಲು ಬೇಡ, ನುಣುಪು ಮರಳು ಹಾಕಿ. ಮೂತಿ ಮರಳಲ್ಲಿ ಹೂತು, ಕಿವಿರಿನಿಂದ ಮರಳು ಹೊರಬಿಡ್ತಾ ಆಹಾರ ಹುಡುಕುತ್ತೆ. ತಳ ಕೊಳಕಾಗಿದ್ರೆ, ಚೂಪಾಗಿದ್ರೆ ಆ ಪುಟ್ಟ ಮೀಸೆಗಳು ಸವೆದು ಹುಣ್ಣಾಗುತ್ತೆ. ಆಗಾಗ ಒಂದು ಸರ್ರನೆ ಮೇಲೆ ಬಂದು ಗಾಳಿ ನುಂಗಿ ಇಳಿಯುತ್ತೆ, ಅದಕ್ಕೆ ಗಾಬರಿ ಬೇಡ. ಪದೇ ಪದೇ ಎಲ್ಲವೂ ಹಾಗೆ ಮಾಡಿದ್ರೆ ನೀರು ಪರೀಕ್ಷಿಸಿ. ಮೇಲಿನ ಮೀನುಗಳು ಬಿಟ್ಟದ್ದು ತಿಂದು ಕೋರಿ ಬದುಕುತ್ತೆ ಅಂದ್ಕೋಬೇಡಿ, ಮುಳುಗೋ ಆಹಾರ ಅದಕ್ಕೇ ಅಂತ ಹಾಕಿ.

ಮೀನು ತರೋ ಮೊದಲು ಟ್ಯಾಂಕ್ ಸೈಕಲ್ ಆಗಿದೆಯಾ, ಅಂದ್ರೆ ಕೊಳೆಯಿಂದ ಬರೋ ಅಮೋನಿಯಾವನ್ನ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಬೆಳೆದಿದೆಯಾ ನೋಡಿ: ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇದ್ದು ನೈಟ್ರೇಟ್ ಕಾಣಿಸ್ತಿರಬೇಕು. ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತೆ. ಹೊಂದೋ ಮೀನುಗಳೂ ಅಮೋನಿಯಾ ಇರೋ ನೀರಲ್ಲಿ ಸಾಯುತ್ತವೆ, ಆಮೇಲೆ ತಪ್ಪು ಜೋಡಿಯದು ಅಂತ ಬೈಸ್ಕೊಳ್ಳುತ್ತವೆ. ಗಪ್ಪಿ ಮೊದಲು ಬಿಡಿ. ಎರಡು ಮೂರು ವಾರ ಕಳೆದು ಟೆಸ್ಟ್‌ನಲ್ಲಿ ಮತ್ತೆ ಸೊನ್ನೆ ಬಂದರೆ ಕೋರಿಗಳನ್ನ ಆರೂ ಒಟ್ಟಿಗೇ ತನ್ನಿ. ಸಾಧ್ಯವಾದ್ರೆ ತಂದ ಮೀನನ್ನ ಮೊದಲು ಬೇರೆ ಡಬ್ಬಿಯಲ್ಲಿ ಸ್ಪಂಜ್ ಫಿಲ್ಟರ್ ಹಾಕಿ ಎರಡು ವಾರ ಇಟ್ಟು, ಮೈಮೇಲೆ ರೋಗದ ಬಿಳಿ ಚುಕ್ಕೆ ಬರ್ತಿಲ್ಲ ಅಂತ ನೋಡ್ಕೊಂಡು ಟ್ಯಾಂಕ್‌ಗೆ ಬಿಡಿ.