ಹೊಲ, ಹಳ್ಳ, ಮಡ್ಡಿಗಳ (ಕಲ್ಲುನೆಲದ ದಿಣ್ಣೆಗಳ) ಹೆಸರು ಬರೆದುಕೊಳ್ಳಲು ಜೊತೆಗೆ ಬರ್ತೀರೇನ್ರಿ?

ಎಲ್ಲಾರಿಗೂ ನಮಸ್ಕಾರ್ರೀ. ಗದಗ ತಾಲ್ಲೂಕಿನ ಹಳ್ಳಿಗಳಲ್ಲಿ ಸ್ಥಳನಾಮ ಕೂಡಿಸುವ ಕೆಲಸ ಹಿಡಿದಿದ್ದೇನೆ, ಒಬ್ಬನಿಂದ ಆಗ್ತಾ ಇಲ್ಲ. ಊರಿನ ಹೆಸರು ಹೇಗೋ ಉಳಿಯುತ್ತವೆ. ಲಕ್ಕುಂಡಿ ಲೊಕ್ಕಿಗುಂಡಿ ಆಗಿತ್ತು, ಲಕ್ಷ್ಮೇಶ್ವರ ಪುಲಿಗೆರೆ ಆಗಿತ್ತು ಅಂತ ಶಾಸನಗಳೇ ಹೇಳುತ್ತವೆ. ಹೊಲದ ಹೆಸರಿಗೆ ಯಾವ ಕಲ್ಲೂ ಇಲ್ಲ. ಉತಾರ (ಪಹಣಿ) ತೆಗೆಸಿದರೆ ಬರೀ ಸರ್ವೆ ನಂಬರು.

ಹೋದ ವಾರ ಒಬ್ಬ ಅಜ್ಜಿ ಬದುವಿನ ಮೇಲೆ ಕುಂತು ಕೈ ಮಾಡಿ ತೋರಿಸಿದರು: "ಅದು ಬನ್ನಿಗಿಡದ ಹೊಲ, ಈಚಿಗಿಂದು ಬಾಣಂತಿ ಹಕ್ಕಲ, ಆ ಕಡೆ ಜೋಡಬಾವಿ ಎರಿ." (ಎರಿ ಅಂದರೆ ಕಪ್ಪು ಮಣ್ಣಿನ ಹೊಲ.) ಬನ್ನಿಗಿಡ ಕಡಿದು 30 ವರ್ಷ ಆಯ್ತಂತೆ, ಒಂದು ಬಾವಿ ಮುಚ್ಚಿದೆ. ಪಕ್ಕದಲ್ಲೇ ನಿಂತಿದ್ದ ಮೊಮ್ಮಗನಿಗೆ ಮೂರರಲ್ಲಿ ಒಂದೂ ಗೊತ್ತಿರಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ರವಿವಾರ ಬರುವ ಇಬ್ಬರು ಬೇಕು. ಒಬ್ಬರು ಹಿರಿಯರನ್ನು ಮಾತಾಡಿಸಬೇಕು, ಇನ್ನೊಬ್ಬರು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ, ಆ ಜಾಗದಲ್ಲೇ ನಿಂತು ಜಿಪಿಎಸ್ ಗುರುತು ಹಾಕಬೇಕು. ಹೆಸರು ಅವರು ಅಂದ ಹಾಗೇ ಬರೆಯಬೇಕು. ಎರಿ ಅಂದರೆ ಎರಿ, ಮಸಾರಿ (ಕೆಂಪು ಮಣ್ಣಿನ ಹೊಲ) ಅಂದರೆ ಮಸಾರಿ. ತಿದ್ದಿ ಗ್ರಂಥದ ಮಾತು ಮಾಡಬಾರದು, ಇದರಲ್ಲಿ ನಾನು ಹಟಮಾರಿ. ಒಬ್ಬರು ಹೇಳಿದ್ದನ್ನು ಪಕ್ಕದ ಹೊಲದವರ ಹತ್ತಿರವೂ ಕೇಳಿ ನೋಡಬೇಕು. ಕುರಿ ಕಾಯುವವರು ಸಿಕ್ಕರೆ ಬಿಡಬೇಡಿ, ಮಡ್ಡಿ-ಹಳ್ಳಗಳ ಹೆಸರು ಅವರ ಬಾಯಲ್ಲೇ ಇವೆ.

ಬರಲಿಕ್ಕಾಗದವರು ನಿಮ್ಮ ಸೀಮೆಯ ಬೇಚರಾಕ್ (ಜನ ಬಿಟ್ಟುಹೋದ) ಊರುಗಳ ಹೆಸರನ್ನಾದರೂ ಇಲ್ಲೇ ಕೆಳಗೆ ಬರೆಯಿರಿ. ಕ್ಯೂಜಿಐಎಸ್ ಅನ್ನೋ ಕಂಪ್ಯೂಟರ್ ತಂತ್ರಾಂಶದಲ್ಲಿ ನಕಾಶೆ ಮಾಡಲು ಬರುವವರಿದ್ದರೆ ದಯವಿಟ್ಟು ಮೆಸೇಜ್ ಮಾಡಿ. ಬಸ್ ಚಾರ್ಜ್ ನನ್ನದು, ರೊಟ್ಟಿ ಬುತ್ತಿನೂ ನಾನೇ ತರ್ತೀನಿ.