ಪ್ಲಾಟಿನಂ, ನೂರು ಪರ್ಸೆಂಟ್, ಉಳ್ಕೊಂಡ ಆ ಒಂದು ಟ್ರೋಫಿ: ಗೇಮ್ ಡಿಸೈನರ್ ಜೊತೆ ಪ್ರಶ್ನೋತ್ತರ

ಎಲ್ರಿಗೂ ನಮಸ್ಕಾರ. ನಾನು ಬೆಂಗಳೂರಲ್ಲಿ ಗೇಮ್ ಡಿಸೈನರ್. ಗೇಮ್ ಒಳಗೆ ಹುಡುಕೋ ಸಾಮಾನು ಎಲ್ಲಿ ಬಚ್ಚಿಡ್ಬೇಕು, ಎಷ್ಟಿಡ್ಬೇಕು, ಅಚೀವ್‌ಮೆಂಟ್ (ಗೇಮಲ್ಲಿ ಇಂಥದ್ದು ಮಾಡಿದ್ರೆ ಅಂತ ಸಿಗೋ ಬಿರುದು, ಪ್ಲೇಸ್ಟೇಷನ್‌ನಲ್ಲಿ ಅದಕ್ಕೆ ಟ್ರೋಫಿ ಅಂತಾರೆ) ಲಿಸ್ಟ್‌ನಲ್ಲಿ ಏನೇನ್ ಇರ್ಬೇಕು ಅಂತ ಕೂತು ಬರೆಯೋದೇ ನನ್ನ ಕೆಲಸದ ದೊಡ್ಡ ಪಾಲು. ಈ ಗ್ರೂಪಲ್ಲಿ ಪ್ಲಾಟಿನಂ ಬೇಟೆ, ಅಂದ್ರೆ ಒಂದು ಗೇಮಿನ ಎಲ್ಲಾ ಟ್ರೋಫಿ ತಗೊಳ್ಳೋ ಹಠದ ಬಗ್ಗೆ ಪದೇ ಪದೇ ಜಗಳ ಆಗ್ತಿರುತ್ತೆ, ಅದಕ್ಕೆ ಅಡ್ಮಿನ್ ಒಂದ್ಸಲ ಕೂತು ಉತ್ತರ ಕೊಡಿ ಅಂದ್ರು. ಕೇಳಿ.

ಪ್ರಶ್ನೆ: ಅಕ್ಕ, ಬೇಸಿಕ್ ಡೌಟು. ಈ ಅಚೀವ್‌ಮೆಂಟ್ ಯಾಕಿಡ್ತಾರೆ, ಕಂಪನಿಗೆ ಏನ್ ಲಾಭ? ನಮ್ಗಂತೂ ಒಂದು ರೂಪಾಯಿ ಹುಟ್ಟಲ್ಲ, ಆದ್ರೂ ಆ ಟಿಂಗ್ ಸೌಂಡ್‌ಗೋಸ್ಕರ ನಡುರಾತ್ರಿ ದಾಟಿದ್ರೂ ಏಳೋಕ್ ಆಗಲ್ಲ.

ಉತ್ತರ: ಇದು ಇವತ್ತಿಂದಲ್ಲ. 1980ರ ದಶಕದ ಶುರುನಲ್ಲಿ ಅಮೆರಿಕದಲ್ಲಿ ಆಕ್ಟಿವಿಷನ್‌ನವರು ಟಿವಿಗೆ ಸಿಕ್ಕಿಸಿ ಆಡೋ ಅಟಾರಿ 2600 ಮೆಷಿನ್‌ಗೆ ಗೇಮ್ ಮಾಡ್ತಿದ್ರಲ್ಲ, ಆಗ ಇಷ್ಟು ಸ್ಕೋರ್ ಮಾಡಿ ಟಿವಿ ಸ್ಕ್ರೀನಿನ ಫೋಟೋ ಹೊಡೆದು ಪೋಸ್ಟಲ್ಲಿ ಕಳ್ಸಿದ್ರೆ ಬಟ್ಟೆ ಮೇಲೆ ಹೊಲ್ಕೊಳ್ಳೋ ಪ್ಯಾಚ್ ಒಂದನ್ನ ವಾಪಸ್ ಕಳಿಸ್ತಿದ್ರು. 1982ರ ಪಿಟ್‌ಫಾಲ್‌ಗೆ 20,000 ಪಾಯಿಂಟ್ ಬೇಕಿತ್ತು. ಆಮೇಲೆ 2005ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ 360 ಬಂದಾಗ ಗೇಮರ್‌ಸ್ಕೋರ್ ಅಂತ ಶುರು ಮಾಡಿದ್ರು, ಡಿಸ್ಕ್ ಗೇಮ್ ಒಂದಕ್ಕೆ 1000 ಪಾಯಿಂಟ್, ಎಲ್ಲಾ ಗೇಮಿಂದೂ ಸೇರಿ ನಿಮ್ಮ ಹೆಸರಿನ ಮುಂದೆ ಒಂದೇ ನಂಬರ್. ದೊಡ್ಡ ಬದಲಾವಣೆ ಆಗಿದ್ದು ಅಲ್ಲೇ, ಯಾಕಂದ್ರೆ ಅಲ್ಲಿವರೆಗೂ ನೀವು ಪಟ್ಟ ಕಷ್ಟ ಸೇವ್ ಫೈಲ್ ಒಳಗೇ ಇರ್ತಿತ್ತು, ಮೆಮೊರಿ ಕಾರ್ಡ್ ಹೋದ್ರೆ ಅದೂ ಹೋಯ್ತು, ಇವಾಗ ಆಳಿನ ಜೊತೆನೇ ಬರುತ್ತೆ. 2007ರಲ್ಲಿ ಸ್ಟೀಮ್ (ಕಂಪ್ಯೂಟರ್ ಗೇಮ್ ಮಾರೋ ಆನ್‌ಲೈನ್ ಅಂಗಡಿ) ಶುರು ಮಾಡ್ತು, 2008ರ ಜುಲೈನಲ್ಲಿ ಪ್ಲೇಸ್ಟೇಷನ್ 3ಗೆ ಟ್ರೋಫಿ ಬಂತು. ಕಂಚು, ಬೆಳ್ಳಿ, ಚಿನ್ನ, ಎಲ್ಲಾ ತಗೊಂಡ್ರೆ ಪ್ಲಾಟಿನಂ.

ಲಾಭ ಅಂದ್ರೆ ಒಂದು, ನಿಮ್ಮ ಟ್ರೋಫಿ ಎಲ್ಲಾ ಒಂದು ಕಡೆ ಇದ್ರೆ ಮುಂದಿನ ಗೇಮೂ ಅಲ್ಲೇ ತಗೋತೀರ. ಇನ್ನೊಂದು ಲಾಭ ನಮ್ಮಂಥವರಿಗೆ. ಸ್ಟೀಮಲ್ಲಿ ಯಾವ್ದಾದ್ರೂ ಕಥೆ ಇರೋ ಗೇಮಿನ ಗ್ಲೋಬಲ್ ಅಚೀವ್‌ಮೆಂಟ್ ಪೇಜ್ ತೆಗೆದು ನೋಡಿ, ಮೊದಲನೇ ಚಾಪ್ಟರ್ ಮುಗಿಸಿದವರು ಎಷ್ಟು ಪರ್ಸೆಂಟ್, ಕೊನೇದು ಮುಗಿಸಿದವರು ಎಷ್ಟು ಅಂತ. ಜನ ಎಲ್ಲಿ ಕೈಬಿಟ್ರು ಅನ್ನೋದು ಅಲ್ಲೇ ಕಾಣುತ್ತೆ. "ಚಾಪ್ಟರ್ 3 ಮುಗೀತು" ಅಂತ ಸಪ್ಪೆ ಅಚೀವ್‌ಮೆಂಟ್ ಬರುತ್ತಲ್ಲ, ಅದು ಇರೋದು ಮುಖ್ಯವಾಗಿ ಈ ಲೆಕ್ಕ ಸಿಗ್ಲಿ ಅಂತ.

ಪ್ರಶ್ನೆ: ಜಿಟಿಎ ವೈಸ್ ಸಿಟಿ ಗೇಮ್ ಕಾಲದಿಂದ ಆಡ್ತಿದ್ದೀನಿ ಮೇಡಂ, ಸೈಬರ್ ಸೆಂಟರಲ್ಲಿ ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಹಿಡನ್ ಪ್ಯಾಕೇಜ್ ಹುಡುಕ್ತಿದ್ವಿ. ಅದು ಮಜಾ ಇತ್ತು. ಈಗಿನ ಓಪನ್ ವರ್ಲ್ಡ್ (ಎಲ್ಲಿ ಬೇಕಾದ್ರೂ ಓಡಾಡ್ಬೋದಾದ) ಗೇಮಲ್ಲಿ ಮ್ಯಾಪ್ ತುಂಬಾ ಐಕಾನ್, ನೋಡಿದ್ರೇ ಸುಸ್ತಾಗುತ್ತೆ. ನಂಗೆ ವಯಸ್ಸಾಯ್ತಾ ಅಥವಾ ಗೇಮ್‌ಗಳೇ ಕೆಟ್ಟಿದಾವಾ? ಎಷ್ಟು ಇಡ್ಬೇಕು ಅಂತ ನೀವು ಹೇಗೆ ಡಿಸೈಡ್ ಮಾಡ್ತೀರ?

ಉತ್ತರ: ವಯಸ್ಸಿನ ಮಾತು ಬಿಡಿ ಸಾರ್. ನಾನು ತುಂಬಾ ಯೋಚನೆ ಮಾಡಿರೋ ವಿಷಯ ಇದು, ಸ್ವಲ್ಪ ಉದ್ದ ಬರೀತೀನಿ.

ವೈಸ್ ಸಿಟಿನಲ್ಲಿ ಇದ್ದಿದ್ದು 100 ಪ್ಯಾಕೇಜ್. 10 ಆದ್ರೆ ಮನೇಲಿ ಬಾಡಿ ಆರ್ಮರ್ ಬಂದು ಕೂರುತ್ತೆ, 20 ಆದ್ರೆ ಚೈನ್‌ಸಾ, ಹಾಗೇ ಹತ್ತತ್ತಕ್ಕೆ ಒಂದೊಂದು. ಅಂದ್ರೆ ಮುಂದಿನ ಮಿಷನ್ ಸುಲಭ ಆಗೋಕೆ ನೀವು ಹುಡುಕ್ತಿದ್ರಿ, ಹುಡುಕ್ತಾ ಹುಡುಕ್ತಾ ಯಾವ ಗಲ್ಲಿ ಎಲ್ಲಿಗೆ ಸೇರುತ್ತೆ, ಯಾವ ಬಿಲ್ಡಿಂಗ್ ಹಿಂದೆ ಮೆಟ್ಟಿಲಿದೆ ಅಂತ ಊರೇ ಬಾಯಿಪಾಠ ಆಯ್ತು. 2007ರ ಕ್ರ್ಯಾಕ್‌ಡೌನ್ ಇನ್ನೂ ಚೆನ್ನಾಗಿ ಮಾಡ್ತು. ಬಿಲ್ಡಿಂಗ್ ಮೇಲೆಲ್ಲಾ 500 ಹಸಿರು ಉಂಡೆ, ಹತ್ತಿರ ಹೋದ್ರೆ ಗುಂಯ್ ಅಂತ ಸದ್ದು. ಒಂದೊಂದು ತಗೊಂಡಷ್ಟೂ ನೀವು ಹಾರೋ ಎತ್ತರ ಜಾಸ್ತಿ ಆಗುತ್ತೆ, ಎತ್ತರ ಹಾರಿದ್ರೆ ನಿನ್ನೆ ಕೈಗೆ ಸಿಗದೇ ಇದ್ದ ಉಂಡೆ ಇವತ್ತು ಸಿಗುತ್ತೆ. ಅಲ್ಲಿ 500 ಅನ್ನೋದು ಹೊರೆ ಅನ್ಸೋದೇ ಇಲ್ಲ.

ಅದೇ ವರ್ಷ ಬಂದ ಮೊದಲನೇ ಅಸಾಸಿನ್ಸ್ ಕ್ರೀಡ್ ನೋಡಿ. 420 ಬಾವುಟ. ಮ್ಯಾಪಲ್ಲೂ ತೋರ್ಸಲ್ಲ, ಎಲ್ಲಾ ತಗೊಂಡ್ರೂ ಗೇಮ್ ಒಳಗೆ ಏನೂ ಆಗಲ್ಲ. ಎರಡನೇ ಭಾಗ 2009ರಲ್ಲಿ ಬಂತು, ಅಲ್ಲಿ 100 ಗರಿ. ಹೀರೋ ಎತ್ಸಿಯೋನ ಪುಟ್ಟ ತಮ್ಮ ಗರಿ ಕೂಡಿಡ್ತಿದ್ದ ಹುಡುಗ, ಅವನನ್ನ ಅಪ್ಪ-ಅಣ್ಣನ ಜೊತೆ ಗಲ್ಲಿಗೆ ಹಾಕ್ತಾರೆ, ಆವತ್ತಿಂದ ತಾಯಿ ಮಾತೇ ಬಿಟ್ಟಿರ್ತಾಳೆ. ನೀವು ಸೂರಿನ ಮೇಲಿಂದ ಕಿತ್ಕೊಂಡು ಬಂದ ಗರಿನ ಅವಳ ರೂಮಲ್ಲಿರೋ ಪೆಟ್ಟಿಗೆಗೆ ಹಾಕ್ಬೇಕು, ಅವಳು ಪಕ್ಕದಲ್ಲೇ ಮಂಡಿಯೂರಿ ಕೂತಿರ್ತಾಳೆ. ನೂರೂ ಆದಾಗ ಮಾತಾಡ್ತಾಳೆ. ಕೈಯಲ್ಲಿ ಮಾಡೋ ಕೆಲಸ ಎರಡರಲ್ಲೂ ಒಂದೇ, ಹತ್ತು, ಮುಟ್ಟು, ಎಣಿಸು. ಆದ್ರೆ ಒಂದರಲ್ಲಿ ಯಾಕೆ ಹತ್ತುತಾ ಇದ್ದೀನಿ ಅಂತ ಗೊತ್ತಿದೆ.

ಇನ್ನೊಂದು, ಎಷ್ಟಿಡ್ಬೇಕು ಅಂತ ಕೇಳಿದ್ರಲ್ಲ. 2017ರ ಜೆಲ್ಡಾ, ಬ್ರೆತ್ ಆಫ್ ದ ವೈಲ್ಡ್, ಅದ್ರಲ್ಲಿ 900 ಕೊರೊಕ್ ಬೀಜ. ಆದ್ರೆ ಆ ಬೀಜ ಕೊಟ್ಟು ಸಾಮಾನಿಡೋ ಚೀಲ ಪೂರ್ತಿ ದೊಡ್ಡದು ಮಾಡ್ಕೊಳ್ಳೋಕೆ 441 ಸಾಕು. ಮಿಕ್ಕಿದ್ದು ಯಾಕೆ ಅಂದ್ರೆ ನೀವು ಯಾವ ದಿಕ್ಕಿಗೆ ಹೋದ್ರೂ ದಾರೀಲಿ ಏನಾದ್ರೂ ಸಿಗ್ಲಿ ಅಂತ. ಯಾವ್ದೋ ಬೆಟ್ಟ ಕಷ್ಟಪಟ್ಟು ಹತ್ತಿ ತುದಿಗೆ ಹೋದ್ರೆ ಒಂಟಿ ಕಲ್ಲೊಂದು ಬಿದ್ದಿರುತ್ತೆ, ಎತ್ತಿದ್ರೆ ಕೆಳಗಿಂದ ಒಂದು ಪುಟ್ಟ ಎಲೆ ಮುಖದವನು ಯಾಹಾಹಾ ಅಂತ ಏಳ್ತಾನೆ. ಇಲ್ಲಿಗೆ ನೀನು ಬರ್ತೀಯ ಅಂತ ನಂಗೊತ್ತಿತ್ತು ಅಂತ ಡಿಸೈನರ್ ಹೇಳ್ದಂಗೆ ಅದು. 900ನೂ ತಂದವರಿಗೆ ಸಿಗೋದು ಏನೂ ಉಪಯೋಗ ಇಲ್ಲದ ಒಂದು ಚಿನ್ನದ ಬಣ್ಣದ ವಸ್ತು, ಆಕಾರ ಸಗಣಿ ಥರ, ಎಲ್ಲಾ ತಗೊಳ್ಳೇಬೇಕು ಅಂತ ಅವರು ಕೇಳ್ತಾನೇ ಇಲ್ಲ. ಇಷ್ಟಕ್ಕೂ ಈ ಗೇಮ್ ಓಡೋ ನಿಂಟೆಂಡೊ ಸ್ವಿಚ್ ಕನ್ಸೋಲ್‌ನಲ್ಲಿ ಸಿಸ್ಟಮ್ ಕಡೆಯಿಂದ ಟ್ರೋಫಿ ಅನ್ನೋದೇ ಇಲ್ಲ, ಆದ್ರೂ 900 ಮುಗಿಸಿದವರು ಇದಾರೆ.

ನಿಮ್ಗೆ ಸುಸ್ತಾಗೋದು ಯಾಕಂದ್ರೆ, ಎಲ್ಲಾನೂ ಮೊದಲೇ ಐಕಾನ್ ಹಾಕಿ ತೋರಿಸ್ಬಿಟ್ರೆ ಹುಡುಕೋ ಕೆಲಸ ಹೋಗುತ್ತೆ, ಅಲ್ಲಿಗೆ ಹೋಗಿಬರೋ ಕೆಲಸ ಮಾತ್ರ ಉಳಿಯುತ್ತೆ. ನಾನು ಲಿಸ್ಟ್ ಬರೀವಾಗ ಒಂದೇ ಪ್ರಶ್ನೆ ಕೇಳ್ಕೋತೀನಿ, ಇದು ಆಡೋರ ಗಮನ ಕೇಳ್ತಿದ್ಯಾ, ಬರೀ ಟೈಮ್ ಕೇಳ್ತಿದ್ಯಾ ಅಂತ. ನೀವೂ ಯಾವ್ದಾದ್ರೂ ಬೇಟೆ ಶುರು ಮಾಡೋ ಮುಂಚೆ ಇದನ್ನೇ ಕೇಳ್ಕೊಳ್ಳಿ. ಮ್ಯಾಪ್ ಸೆಟ್ಟಿಂಗ್ಸಲ್ಲಿ ಐಕಾನ್ ಆಫ್ ಮಾಡೋಕಾದ್ರೆ ಮಾಡಿ, ಅದೇ ಗೇಮ್ ಬೇರೆ ಥರ ಕಾಣುತ್ತೆ.

ಪ್ರಶ್ನೆ: ನಾನು ಮೊದಲ್ನೇ ನಿಮಿಷದಿಂದ ಟ್ರೋಫಿ ಗೈಡ್ ಓಪನ್ ಮಾಡ್ಕೊಂಡೇ ಆಡೋದು, ಮಿಸ್ಸಬಲ್ (ಆ ಜಾಗ ದಾಟಿದ್ಮೇಲೆ ಮತ್ತೆ ಸಿಗದ ಟ್ರೋಫಿ) ತಪ್ಪಿಹೋದ್ರೆ ಅನ್ನೋ ಭಯ. ಪ್ಲಾಟಿನಂ ಏನೋ ಬೀಳುತ್ತೆ, ಆದ್ರೆ ಗೇಮ್ ಹೇಗಿತ್ತು ಅಂತ ಯಾರಾದ್ರೂ ಕೇಳಿದ್ರೆ ಹೇಳೋಕೆ ಏನೂ ಇರಲ್ಲ. ಇದು ನಂಗೊಬ್ನಿಗೇನಾ?

ಉತ್ತರ: ತುಂಬಾ ಜನಕ್ಕೆ ಹೀಗಾಗುತ್ತೆ. ಸೈಕಾಲಜಿನಲ್ಲಿ 1973ರ ಒಂದು ಹೆಸರಾದ ಪ್ರಯೋಗ ಇದೆ, ಲೆಪ್ಪರ್, ಗ್ರೀನ್, ನಿಸ್ಬೆಟ್ ಅಂತ ಮೂರು ಜನ ಸ್ಟ್ಯಾನ್‌ಫರ್ಡ್‌ನ ನರ್ಸರಿ ಮಕ್ಕಳ ಜೊತೆ ಮಾಡಿದ್ದು. ಸ್ಕೆಚ್ ಪೆನ್ನಲ್ಲಿ ಚಿತ್ರ ಬರೆಯೋದು ಇಷ್ಟ ಇರೋ ಮಕ್ಕಳನ್ನೇ ಆರಿಸ್ಕೊಂಡ್ರು. ಕೆಲವ್ರಿಗೆ ಬರೆದ್ರೆ ಸರ್ಟಿಫಿಕೇಟ್ ಕೊಡ್ತೀವಿ ಅಂತ ಮೊದಲೇ ಹೇಳಿದ್ರು, ಕೆಲವ್ರಿಗೆ ಹೇಳ್ದೇ ಕೊನೇಲಿ ಕೊಟ್ರು, ಇನ್ನು ಕೆಲವ್ರಿಗೆ ಏನೂ ಇಲ್ಲ. ಸ್ವಲ್ಪ ದಿನ ಬಿಟ್ಟು ನೋಡಿದ್ರೆ ಮೊದಲೇ ಆಸೆ ತೋರಿಸಿದ ಗುಂಪು ತಾವಾಗೇ ಪೆನ್ ಎತ್ಕೊಂಡು ಬರೆಯೋದು ಕಮ್ಮಿ ಆಗಿತ್ತು. ಹೇಳ್ದೇ ಕೊಟ್ಟ ಗುಂಪಿಗೆ ಏನೂ ಆಗಿರ್ಲಿಲ್ಲ. ನರ್ಸರಿ ಮಕ್ಕಳ ವಿಷಯ ನಮ್ಗೆ ಹಾಗ್ಹಾಗೇ ಹೊಂದುತ್ತೆ ಅಂತ ನಾನು ಹೇಳಲ್ಲ, ಆದ್ರೆ ಏನಂತ ಮೊದಲೇ ತೋರಿಸದ ಹಿಡನ್ ಅಚೀವ್‌ಮೆಂಟ್ ಯಾಕೆ ಖುಷಿ ಕೊಡುತ್ತೆ, ಲಿಸ್ಟ್ ಹಿಡ್ಕೊಂಡು ಆಡಿದ್ರೆ ಯಾಕೆ ಡ್ಯೂಟಿ ಥರ ಆಗುತ್ತೆ ಅಂತ ಯೋಚಿಸ್ವಾಗ ನಂಗೆ ಇದೇ ನೆನಪಾಗುತ್ತೆ.

ಹೀಗ್ ಮಾಡಿ. ಮೊದಲನೇ ಸಲ ಗೈಡ್ ಮುಟ್ಟಬೇಡಿ. ಭಯ ತಡೀಲಿಲ್ಲ ಅಂದ್ರೆ "ಮಿಸ್ಸಬಲ್ ಎಷ್ಟಿವೆ, ಯಾವ ಚಾಪ್ಟರ್‌ನಲ್ಲಿ" ಅಷ್ಟು ಮಾತ್ರ ಫ್ರೆಂಡ್ ಹತ್ರ ಕೇಳಿ, ಆ ಜಾಗದಲ್ಲಿ ಬೇರೆ ಸೇವ್ ಇಟ್ಕೊಳ್ಳಿ. ಗೈಡ್ ಕೆಲಸಕ್ಕೆ ಬರೋದು ಎರಡನೇ ಸುತ್ತಿಗೆ.

ಪ್ರಶ್ನೆ: ಅಕ್ಕಾರ, ನಾ ಧಾರವಾಡದಾಂವ. ಒಂದು ರೇಸಿಂಗ್ ಗೇಮ್‌ದಾಗ ಎಲ್ಲಾ ಟ್ರೋಫಿ ತಗೊಂಡೀನ್ರಿ, ಒಂದ ಉಳದೈತಿ. ಅದು ಆನ್‌ಲೈನ್ ಟ್ರೋಫಿ, ಸರ್ವರ್ ಬಂದ್ ಮಾಡ್ಯಾರ. ಇನ್ನ ಯಾವತ್ತೂ ಆಗಂಗಿಲ್ಲ. ಪ್ರೊಫೈಲ್ ತಗದಾಗೊಮ್ಮೆ ಅದ ಕಣ್ಣಿಗೆ ಬೀಳತೈತ್ರಿ, ಹೊಟ್ಟಿ ಉರೀತೈತಿ. ಏನ್ ಮಾಡ್ಲಿ?

ಉತ್ತರ: ಅಣ್ಣಾ, ಹೊಟ್ಟೆ ಉರಿಯೋದು ನ್ಯಾಯವಾಗಿದೆ, ಕಂಪನಿ ಸರ್ವರ್ ನಿಲ್ಸಿದ್ಮೇಲೆ ನೀವೆಷ್ಟೇ ಚೆನ್ನಾಗಿ ಆಡಿದ್ರೂ ಅದು ಬರಲ್ಲ. ಪ್ಲಾಟಿನಂಗೆ ಆನ್‌ಲೈನ್ ಟ್ರೋಫಿ ಕಟ್ಟಿಹಾಕೋದು ನನ್ನ ಪ್ರಕಾರ ತಪ್ಪು. ಗೇಮ್ ಡಿಸ್ಕಲ್ಲಿ ಹತ್ತಿಪ್ಪತ್ತು ವರ್ಷ ಇರುತ್ತೆ, ಸರ್ವರ್ ಇರಲ್ಲ ಅಂತ ಮಾಡೋರಿಗೆ ಗೊತ್ತೇ ಇರುತ್ತೆ. ಆನ್‌ಲೈನ್ ಇಡ್ಲೇಬೇಕು ಅಂದ್ರೆ ಡಿಎಲ್‌ಸಿ (ಗೇಮ್ ಜೊತೆ ಬೇರೆಯಾಗಿ ಸಿಗೋ ಹೆಚ್ಚಿನ ಭಾಗ) ಲಿಸ್ಟ್‌ಗೆ ಹಾಕ್ಲಿ, ಡಿಎಲ್‌ಸಿ ಟ್ರೋಫಿ ಪ್ಲಾಟಿನಂಗೆ ಲೆಕ್ಕ ಇಲ್ಲ. ಮುಂದಿನ ಸಲ ಹಳೇ ಗೇಮ್ ತಗೊಳ್ಳೋ ಮುಂಚೆ ಲಿಸ್ಟಲ್ಲಿ ಆನ್‌ಲೈನ್ ಇದ್ಯಾ ನೋಡಿ, ಇದ್ರೆ ಅದನ್ನೇ ಮೊದಲು ಮುಗಿಸಿ.

ಪ್ರಶ್ನೆ: ಮೇಡಂ, ನಾನು ಗೇಮ್ ಆಡೋಳಲ್ಲ, ನನ್ನ ತಮ್ಮ ಈ ಗ್ರೂಪಿಗೆ ಸೇರಿಸಿದ. ಮಗ ಒಂಬತ್ತನೇ ಕ್ಲಾಸು. ಮೊಬೈಲ್ ಗೇಮಲ್ಲಿ ಯಾವ್ದೋ ಡ್ರೆಸ್, ಗನ್ನಿನ ಬಣ್ಣ ಎಲ್ಲಾ ಸೇರಿ ಒಂದು ಸೆಟ್ಟಂತೆ, ಅದು ಪೂರ್ತಿ ಆಗ್ಬೇಕು ಅಂತ ನನ್ನ ಫೋನಿಂದ ದುಡ್ಡು ಹಾಕಿದ್ದಾನೆ. ಬೈದ್ರೆ "ಒಂದೇ ಒಂದು ಬಾಕಿ ಇದೆ ಅಮ್ಮ" ಅಂತಾನೆ. ನೀವು ಹೇಳ್ತಿರೋ ಟ್ರೋಫಿನೂ ಇದೇನಾ?

ಉತ್ತರ: ಇಲ್ಲ ಮೇಡಂ, ಇವೆರಡೂ ಬೇರೆ. ಮೇಲೆ ಮಾತಾಡ್ತಿದ್ದಿದ್ದು ಆಡಿ ಗಳಿಸೋದು. ನಿಮ್ಮ ಮಗ ಮಾಡ್ತಿರೋದು ದುಡ್ಡು ಕೊಟ್ಟು, ಒಳಗೇನಿದೆ ಅಂತ ಗೊತ್ತಿಲ್ಲದ ಪೆಟ್ಟಿಗೆ ಗೇಮ್ ಒಳಗೆ ಒಡೆದು ಅದೃಷ್ಟ ನೋಡೋದು. ಬೆಲ್ಜಿಯಂನಲ್ಲಿ ಇಂಥ ಪೆಟ್ಟಿಗೆಗಳು ಜೂಜಿನ ಕಾನೂನಿಗೆ ವಿರುದ್ಧ ಅಂತ 2018ರಲ್ಲೇ ಹೇಳಿದ್ರು. ಕೊನೇ ಒಂದು ಬಾಕಿ ಇರೋ ಹಾಗೆ ಸೆಟ್ ಮಾಡಿಡೋದು, ಮೂರು ದಿನದಲ್ಲಿ ಮುಗಿಯುತ್ತೆ ಅಂತ ಗಡಿಯಾರ ಓಡಿಸೋದು, ಎಲ್ಲಾ ಬೇಕಂತಲೇ ಮಾಡಿರೋದು. ನಿಮ್ಮ ಮಗ ಕೆಟ್ಟವನು ಅಂತಲ್ಲ.

ಬೈಯೋ ಬದಲು ಅವನ ಪಕ್ಕ ಕೂತು ಕಲೆಕ್ಷನ್ ತೋರ್ಸಪ್ಪ ಅನ್ನಿ, ಆಸಕ್ತಿಯಿಂದ ನೋಡಿ. ಆಮೇಲೆ ಲೆಕ್ಕ ಹಾಕ್ಸಿ. ಸಿಗೋ ಚಾನ್ಸ್ ಒಂದು ಪರ್ಸೆಂಟ್ ಅಂತ ಇಟ್ಕೊಳ್ಳಿ, ನೂರು ಪೆಟ್ಟಿಗೆ ಒಡೆದ್ರೆ ಗ್ಯಾರಂಟಿ ಅಂತ ಮಕ್ಕಳು ಅಂದ್ಕೊಂಡಿರ್ತಾರೆ. 0.99ನ ನೂರು ಸಲ ಗುಣಿಸಿದ್ರೆ ಸುಮಾರು 0.37 ಬರುತ್ತೆ, ಅಂದ್ರೆ ನೂರು ಜನ ತಲಾ ನೂರು ಪೆಟ್ಟಿಗೆ ಒಡೆದ್ರೂ ಹೆಚ್ಚುಕಮ್ಮಿ 37 ಜನಕ್ಕೆ ಒಂದೂ ಸಿಗಲ್ಲ. ಒಂಬತ್ತನೇ ಕ್ಲಾಸ್ ಹುಡುಗನಿಗೆ ಕ್ಯಾಲ್ಕುಲೇಟರ್ ಕೊಟ್ರೆ ಅವನೇ ಮಾಡ್ತಾನೆ, ಅವನೇ ಮಾಡಿದ್ರೆ ನಂಬ್ತಾನೆ. ಪ್ಲೇ ಸ್ಟೋರಲ್ಲಿ ಪ್ರತಿ ಸಲ ಪಾಸ್‌ವರ್ಡ್ ಕೇಳೋ ಹಾಗೆ ಇವತ್ತೇ ಮಾಡಿ, ಯುಪಿಐ ಪಿನ್ ಅವನಿಗೆ ಗೊತ್ತಿದ್ರೆ ಬದಲಾಯಿಸಿ. ನಿದ್ದೆ, ಊಟ, ಸ್ಕೂಲು ಎಲ್ಲಾ ಏರುಪೇರಾಗಿದೆ ಅನ್ಸಿದ್ರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೇಮ್, ಫೋನ್ ಚಟಕ್ಕೇ ಅಂತ ಶಟ್ ಕ್ಲಿನಿಕ್ ಇದೆ, ಅಲ್ಲಿ ತೋರ್ಸಿ, ಸಂಕೋಚ ಬೇಡ.

ಪ್ರಶ್ನೆ: ಸಾಫ್ಟ್‌ವೇರ್ ಹಾಕಿ ಒಂದೇ ಕ್ಲಿಕ್ಕಲ್ಲಿ ಎಲ್ಲಾ ಅನ್‌ಲಾಕ್ ಮಾಡ್ಕೊಳ್ಳೋರ ಬಗ್ಗೆ ಏನಂತೀರ?

ಉತ್ತರ: ಅವರ ಪ್ರೊಫೈಲ್, ಅವರಿಷ್ಟ. ನಂಗೆ ಬೇಜಾರಾಗೋದು ಅಚೀವ್‌ಮೆಂಟ್ ಮಾರೋಕಂತಲೇ ಗೇಮ್ ಮಾಡ್ತಾರಲ್ಲ, ಓಪನ್ ಮಾಡಿದ್ರೆ ಸಾವಿರಗಟ್ಟಲೆ ಸುರಿಯುತ್ತೆ, ಅದ್ರ ಬಗ್ಗೆ. ಸ್ಟೀಮ್‌ನವರು 2018ರಲ್ಲಿ ಹೊಸ ಗೇಮ್‌ಗಳಿಗೆ ಮಿತಿ ಹಾಕಿದ್ರು, ಆಡೋ ಜನ ಇದಾರೆ ಅಂತ ನಂಬಿಕೆ ಬರೋವರೆಗೂ ಪ್ರೊಫೈಲ್ ಲೆಕ್ಕಕ್ಕೆ ತಗೊಳಲ್ಲ. ಒಳ್ಳೇದೇ ಮಾಡಿದ್ರು.

ಪ್ರಶ್ನೆ: ಸೇಲ್ ಬಂದಾಗೆಲ್ಲಾ ತಗೊಂಡು ತಗೊಂಡು ಲೈಬ್ರರಿ ತುಂಬಿದೆ ಅಕ್ಕ, ಆಡಿರೋದು ಕಾಲು ಭಾಗಾನೂ ಇಲ್ಲ. ಇದೂ ಕಲೆಕ್ಷನ್ನೇ ಅಲ್ವಾ?

ಉತ್ತರ: ಕಲೆಕ್ಷನ್ನೇ. ಆದ್ರೆ ಒಂದು ತಿಳ್ಕೊಂಡಿರಿ, ನೀವು ತಗೊಂಡಿರೋದು ಗೇಮಿನ ಲೈಸೆನ್ಸ್ ಮಾತ್ರ ಅಂತ 2024ರ ಅಕ್ಟೋಬರ್‌ನಿಂದ ಸ್ಟೀಮ್ ಬಿಲ್ ಮಾಡೋವಾಗಲೇ ಬರೆದು ತೋರಿಸ್ತಿದೆ. ಇಟ್ಕೊಳ್ಳೋಕೆ ಅಂತಲೇ ತಗೊಳ್ಳೋದಾದ್ರೆ ಡಿಸ್ಕ್ ತಗೊಳ್ಳಿ, ಇಲ್ಲಾಂದ್ರೆ ಜಿಒಜಿ ಅನ್ನೋ ಆನ್‌ಲೈನ್ ಅಂಗಡಿ ಥರ ಇನ್‌ಸ್ಟಾಲರ್ ಕೈಗೆ ಕೊಡೋ ಕಡೆ ತಗೊಳ್ಳಿ.

ಪ್ರಶ್ನೆ: ನೀವು ನೋಡಿದ್ರಲ್ಲಿ ಬೆಸ್ಟ್ ಅಚೀವ್‌ಮೆಂಟ್ ಯಾವ್ದು?

ಉತ್ತರ: ಹಾಫ್ ಲೈಫ್ 2 ಎಪಿಸೋಡ್ ಟೂ, 2007. ಗೇಮ್ ಶುರುವಲ್ಲಿ ಒಂದು ಜಾಗದಲ್ಲಿ ತೋಟಕ್ಕಿಡೋ ಕುಳ್ಳನ ಗೊಂಬೆ ಸಿಗುತ್ತೆ, ಅದನ್ನ ಕೊನೇವರೆಗೂ ಹೊತ್ಕೊಂಡು ಹೋಗಿ ರಾಕೆಟ್ ಒಳಗೆ ಇಡ್ಬೇಕು, ಅಷ್ಟೇ. ಗೊಂಬೆ ಕೈಯಲ್ಲಿದ್ರೆ ಗನ್ ಹಿಡಿಯೋಕಾಗಲ್ಲ. ಶತ್ರು ಬಂದ್ರೆ ಕೆಳಗಿಟ್ಟು ಹೊಡೆದಾಡಿ ಮತ್ತೆ ಎತ್ಕೋಬೇಕು. ಕಾರಲ್ಲಿ ಅದಕ್ಕೆ ಸೀಟಿಲ್ಲ, ಸಂದಿಗೆ ಸಿಕ್ಕಿಸಿ ಓಡಿಸಿದ್ರೆ ಮೊದಲ್ನೇ ತಿರುವಲ್ಲೇ ಹಾರಿ ಬೀಳುತ್ತೆ, ಹಿಂದೆ ಹೆಲಿಕಾಪ್ಟರ್ ಅಟ್ಟಿಸ್ಕೊಂಡು ಬರ್ತಿರುತ್ತೆ, ನೀವು ಗಾಡಿ ನಿಲ್ಸಿ ಗೊಂಬೆ ಹುಡುಕ್ತಾ ಇರ್ತೀರ. ಹೊಸ ಲೆವೆಲ್ ಇಲ್ಲ, ಹೊಸ ಶತ್ರು ಇಲ್ಲ, ಮುಗಿಸಿದ ಗೇಮೇ ಪೂರ್ತಿ ಬೇರೆ ಗೇಮ್ ಆಗ್ಬಿಡುತ್ತೆ. ನನ್ನ ಟೀಮಿಗೆ ಹೊಸಬರು ಬಂದ್ರೆ ಮೊದಲು ಇದನ್ನ ಆಡಿಸ್ತೀನಿ.

ಡೆಡ್ ರೈಸಿಂಗ್‌ದೂ ಇಷ್ಟ, 53,594 ಝಾಂಬಿ ಹೊಡಿಬೇಕು, ಆ ಸಂಖ್ಯೆ ಕಥೇಲಿರೋ ಊರಿನ ಜನಸಂಖ್ಯೆ. ಅದೇ ಗೇಮಲ್ಲಿ ಸೇವ್ ಮಾಡೋಕೆ ಬಿಡ್ದೇ ಸತತ 14 ಗಂಟೆ ಆಡಿಸೋದು ಇನ್ನೊಂದಿದೆ, ಅಂಥದ್ದನ್ನ ನಾನು ಯಾವತ್ತೂ ಬರೆಯಲ್ಲ. ಆಡೋರಿಗೆ ನಿದ್ದೆ ಬೇಕು.

ಪ್ರಶ್ನೆ: ಮೊನ್ನೆ ಪಿಎಸ್5 ತಗೊಂಡೆ. ಫಸ್ಟ್ ಪ್ಲಾಟಿನಂಗೆ ಯಾವ್ದು ಒಳ್ಳೇದು?

ಉತ್ತರ: ಆಸ್ಟ್ರೋಸ್ ಪ್ಲೇರೂಮ್. ಕನ್ಸೋಲ್ ಜೊತೆನೇ ಬಂದಿರುತ್ತೆ, ದುಡ್ಡಿಲ್ಲ. ಅದ್ರಲ್ಲಿ ನೀವು ಕೂಡಿಹಾಕೋದೇ ಹಳೇ ಪ್ಲೇಸ್ಟೇಷನ್‌ಗಳು, ಅದರ ಕಂಟ್ರೋಲರ್, ಮೆಮೊರಿ ಕಾರ್ಡ್, ಒಂದೊಂದನ್ನೂ ತಿರುಗಿಸಿ ನೋಡ್ಬೋದು. ಕ್ಯಾಮೆರಾ ಸುತ್ತ ತಿರುಗಿಸ್ತಾ ಮೂಲೆ ಮೂಲೆ ನೋಡಿ, ಗೈಡ್ ಬೇಡ. ಎಲ್ಲಾದ್ರೂ ಸಿಕ್ಕಾಕೊಂಡ್ರೆ ಇದ್ರ ಕೆಳಗೇ ಬರೀರಿ, ಜಾಗ ಹೇಳಲ್ಲ, ಯಾವ ಕಡೆ ತಿರುಗಿ ನೋಡ್ಬೇಕು ಅಂತ ಮಾತ್ರ ಹೇಳ್ತೀನಿ.